‘ಜ್ವರ ಇದೆಯೇ?’ ಎಂಬ ಪ್ರಶ್ನೆ

ರೇಷ್ಮೆ ಹುಳುವಿಗೆ ಯಾವ ರೋಗ ಬಂದಿದೆ ಎಂದು ಹೇಳುವ ಕಂಪ್ಯೂಟರ್ ಪ್ರೋಗ್ರಾಂ ಒಂದನ್ನು ನಾನು ಬರೆದಿದ್ದೆ ಎಂದರೆ ಈಗಲೂ ಕೆಲವರು ನನ್ನ ಮುಖ ನೋಡಿ ನಗುತ್ತಾರೆ. ನಗಲಿ. ಬರೆದದ್ದು ನಿಜ, ಅದು ಕೆಲಸ ಮಾಡಿದ್ದೂ ನಿಜ. ಅದರಲ್ಲಿ ಒಂದು ತಪ್ಪು ಮಾಡಿದ್ದೂ ನಿಜ, ಆ ತಪ್ಪನ್ನು ಬೇರೆಯವರ ತಲೆಗೆ ಕಟ್ಟುವ ಅಭ್ಯಾಸ ನನಗಿಲ್ಲವಾದ್ದರಿಂದ ಅದನ್ನೂ ಹೇಳುತ್ತೇನೆ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಂಜನಗೂಡಿನ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ನಾನು ಪಾಠ ಹೇಳುತ್ತಿದ್ದೆ. ನಮ್ಮದು ದಿನಸಿ ಅಂಗಡಿಯವರ ಮನೆ. ಮನೆಯಲ್ಲಿ ವಿಭೂತಿ ಇಟ್ಟುಕೊಂಡು ಲಿಂಗಪೂಜೆ ಮಾಡಿದ ಮೇಲೆಯೇ ಅಪ್ಪ ಅಂಗಡಿಯ ಬಾಗಿಲು ತೆಗೆಯುತ್ತಿದ್ದುದು. ರೇಷ್ಮೆಯನ್ನು ಸೀರೆಯಾಗಿ ನೋಡಿದ್ದೆನೇ ಹೊರತು ಹುಳುವಾಗಿ ನೋಡಿರಲಿಲ್ಲ. ಕೋಪ ಮಾತ್ರ ಮೂಗಿನ ತುದಿಯಲ್ಲೇ ಇರುತ್ತಿತ್ತು. ಕಂಪ್ಯೂಟರಿನಿಂದ ಏನಾದರೂ ಆಗುವುದಿಲ್ಲ ಎಂದು ಯಾರಾದರೂ ಅಂದರೆ ಸಾಕು, ಆಗುತ್ತದೆ ಎಂದು ಜಗಳಕ್ಕೆ ನಿಲ್ಲುತ್ತಿದ್ದೆ.

ಟಿ. ನರಸೀಪುರದ ಕಡೆ ರೇಷ್ಮೆ ಸಾಕುವವರ ಒಂದು ಸಣ್ಣ ಸಂಘವಿತ್ತು. ಅದರ ಹಿರಿಯರೊಬ್ಬರು ಒಂದು ದಿನ ನಮ್ಮ ಸೆಂಟರಿಗೆ ಬಂದರು. ಅವರ ತೊಂದರೆ ಸರಳವಾಗಿತ್ತು. ಹುಳುವಿನ ರೋಗ ಕಂಡುಹಿಡಿಯುವುದರಲ್ಲಿ ಪಳಗಿದವರು ಆ ಸುತ್ತಿನಲ್ಲಿ ಇದ್ದದ್ದು ಒಬ್ಬರೇ, ಊರುಗಳು ಮಾತ್ರ ಹತ್ತಾರು. ಅವರು ಒಂದು ಊರಿಗೆ ಹೋಗಿ ಬರುವಷ್ಟರಲ್ಲಿ ಇನ್ನೊಂದು ಊರಿನಲ್ಲಿ ಹುಳು ಸತ್ತಿರುತ್ತಿತ್ತು.

“ಅವ್ರ ತಲೇಲಿರೋದ್ನ ಕಂಪೂಟ್ರಿಗೆ ತುಂಬ್ಕೊಡಾಕಾಯ್ತದಾ?” ಎಂದು ಕೇಳಿದರು.

“ಯಾಕಾಗಲ್ಲ? ಆಗುತ್ತೆ” ಎಂದುಬಿಟ್ಟೆ. ಹುಳುವಿಗೆ ಎಷ್ಟು ಕಾಲು ಎನ್ನುವುದೂ ನನಗೆ ಆಗ ಗೊತ್ತಿರಲಿಲ್ಲ.

ರೋಗ ಬಲ್ಲ ಆ ಒಬ್ಬರು ಹದಿನಾರು ಎಂಬ ಊರಿನವರು. ಸರ್ಕಾರಿ ಕೆಲಸದಿಂದ ನಿವೃತ್ತರಾಗಿದ್ದರು. ಊರೂರು ತಿರುಗಿ ಸಾಕಾಣಿಕೆ ಕಲಿಸಿದ್ದರಿಂದ ಜನ ಅವರನ್ನು ಹುಳದ ಮೇಷ್ಟ್ರು ಎನ್ನುತ್ತಿದ್ದರು, ನಾನೂ ಮೇಷ್ಟ್ರೇ ಎಂದೇ ಕರೆಯತೊಡಗಿದೆ. ಮೊದಲ ದಿನ ನೋಟ್‌ಬುಕ್ ಬಿಚ್ಚಿಟ್ಟುಕೊಂಡು ಅವರೆದುರು ಕೂತೆ.

“ಹಾಲುರೋಗ ಅಂತ ನಿಮಗೆ ಹೇಗೆ ಗೊತ್ತಾಗುತ್ತೆ, ಮೇಷ್ಟ್ರೇ?”

“ನೋಡುದ್ರೆ ಗೊತ್ತಾಯ್ತದೆ ಕಣವ್ವ.”

“ಏನು ನೋಡಿದ್ರೆ?”

“ಉಳ ನೋಡುದ್ರೆ.”

“ಹುಳದಲ್ಲಿ ಏನನ್ನ ನೋಡಿದ್ರೆ?”

“ನೀನೊಳ್ಳೆ ಪೋಲೀಸ್ನೋರ್ ಕೇಳ್ದಂಗ್ ಕೇಳ್ತೀಯಲ್ಲವ್ವ. ಕಾಫಿ ಕುಡಿತೀಯಾ?”

ಒಂದು ವಾರ ಹೀಗೇ ಹೋಯಿತು. ನನ್ನ ನೋಟ್‌ಬುಕ್ಕಿನಲ್ಲಿ ನಾಲ್ಕು ಸಾಲು ತುಂಬಿದ್ದವು, ಕಾಫಿ ಮಾತ್ರ ಲೆಕ್ಕವಿಲ್ಲದಷ್ಟು ಕುಡಿದಿದ್ದೆ. ಮೇಷ್ಟ್ರು ಏನನ್ನೂ ಮುಚ್ಚಿಡುತ್ತಿರಲಿಲ್ಲ. ತಮಗೆ ಹೇಗೆ ಗೊತ್ತಾಗುತ್ತದೆ ಎಂಬುದು ಅವರಿಗೇ ಗೊತ್ತಿರಲಿಲ್ಲ, ಅಷ್ಟೆ. ಕೊನೆಗೆ ನಾನು ಪ್ರಶ್ನೆ ಕೇಳುವುದನ್ನು ಬಿಟ್ಟು ಅವರ ಮೊಪೆಡ್ಡಿನ ಹಿಂದಿನ ಸೀಟಿನಲ್ಲಿ ಕೂತೆ. ವಯಸ್ಸಿಗೆ ಬಂದ ಹುಡುಗಿ ಯಾರದೋ ಗಾಡಿ ಹತ್ತಿ ಹುಳ ನೋಡಲು ಹೋಗುತ್ತಾಳೆ ಎಂದು ನಮ್ಮ ಬೀದಿಯಲ್ಲಿ ಮಾತಾಯಿತು. ಮಾತಾಡಿದವರ ಮನೆಗೇ ಹೋಗಿ, ನಿಮಗೂ ಹುಳ ನೋಡಬೇಕೇ, ಬನ್ನಿ ಎಂದು ಕರೆದೆ. ಆಮೇಲೆ ಆ ಮಾತು ನಿಂತಿತು.

ಅವರ ಹಿಂದೆ ತಿರುಗತೊಡಗಿದ ಮೇಲೆ ಕೆಲಸ ಕೈಗೆ ಹತ್ತಿತು. ಹುಳು ಸಾಕುವ ಮನೆಯೊಳಗೆ ಕಾಲಿಡುವ ಮೊದಲೇ ಮೇಷ್ಟ್ರು ಹೊರಗೆ ಹಾಕಿದ್ದ ಕಸದ ಗುಡ್ಡೆಯ ಹತ್ತಿರ ಬಗ್ಗುತ್ತಿದ್ದರು. ಹುಳುವಿನ ಹಿಕ್ಕೆಯನ್ನು ಎರಡು ಬೆರಳಲ್ಲಿ ಉಜ್ಜಿ, ಮೂಸಿ, ಕೈ ಒರೆಸಿಕೊಂಡು ಒಳಗೆ ಹೋಗುತ್ತಿದ್ದರು. ಇದನ್ನು ಅವರಿಗೆ ಹೇಳಿದಾಗ ಒಪ್ಪಲೇ ಇಲ್ಲ.

“ಸುಮ್ಕಿರವ್ವ, ನಾನ್ಯಾಕ್ ಅದ್ನ ಮುಟ್ಲಿ?”

ಮುಂದಿನ ಮನೆಯಲ್ಲಿ ಅವರು ಬಗ್ಗಿದ ತಕ್ಷಣ ಹಿಂದಿನಿಂದ “ಈಗ ಏನ್ ಮಾಡ್ತಿದ್ದೀರಿ?” ಎಂದೆ. ಕೈಯಲ್ಲಿದ್ದ ಹಿಕ್ಕೆಯನ್ನೇ ನೋಡುತ್ತ ನಿಂತರು. “ಅಲೆಲೆಲೆ! ಇಷ್ಟ್ ವರ್ಸದಿಂದ್ಲೂ ಮುಟ್ತಾ ಇದ್ನಾ?” ಎಂದು ಅವರು ನಕ್ಕ ನಗು ಆ ಮನೆಯವರಿಗೂ ಹತ್ತಿಕೊಂಡಿತು. ಹಿಕ್ಕೆ ಒಣಗಿ ಬಿಡಿಬಿಡಿಯಾಗಿದ್ದರೆ ಒಂದು ಅರ್ಥ, ಒದ್ದೆಯಾಗಿ ಅಂಟಿಕೊಂಡರೆ ಇನ್ನೊಂದು ಅರ್ಥ. ಹುಳುಗಳು ಸಾಕುವ ಬಿದಿರು ತಟ್ಟೆಯ ಅಂಚಿನ ಮೇಲೆ ಅಲೆಯುತ್ತಿದ್ದರೆ ಒಂದು, ಹಿಪ್ಪುನೇರಳೆ ಸೊಪ್ಪಿನ ಕೆಳಗೆ ಸೇರಿಕೊಂಡರೆ ಒಂದು. ಎಲ್ಲವನ್ನೂ ಬರೆದುಕೊಂಡೆ.

ಅವರ ಮಾತುಗಳನ್ನೂ ಹೊಸದಾಗಿ ಕಲಿಯಬೇಕಿತ್ತು. ಮೊದಮೊದಲು ಒಂದು ಮನೆಯ ಹೆಂಗಸು ಮುಖ ಅರಳಿಸಿಕೊಂಡು ಬಂದು, “ಬೆಳಿಗ್ಗೆಯಿಂದ ಎಲ್ಲಾ ಉಳಕ್ಕೂ ಜ್ವರ ಸಾ” ಎಂದಳು. ಮೇಷ್ಟ್ರು, “ಎಲ್ಲಾ ಒಟ್ಗೇ ಕೂತವಾ? ಭೇಷ್” ಎಂದರು. ಜ್ವರ ಬಂದರೆ ಭೇಷ್ ಎನ್ನುವ ಜನ ಇವರು ಯಾರಪ್ಪ ಎಂದು ನಾನು ಕಣ್ಣು ಬಿಟ್ಟೆ. ಆಮೇಲೆ ತಿಳಿಯಿತು. ಹುಳು ಬೆಳೆಯುವಾಗ ನಾಲ್ಕು ಸಲ ಪೊರೆ ಬಿಡುತ್ತದೆ. ಪೊರೆ ಬಿಡುವ ಮುನ್ನ ಸೊಪ್ಪು ಮುಟ್ಟದೆ, ತಲೆ ಎತ್ತಿಕೊಂಡು, ಅಲ್ಲಾಡದೆ ಕೂರುತ್ತದೆ. ಅದಕ್ಕೆ ಸಾಕುವವರು ಇಟ್ಟ ಹೆಸರು ಜ್ವರ. ಒಂದನೇ ಜ್ವರ, ಎರಡನೇ ಜ್ವರ, ಹೀಗೆ. ಪೊರೆ ಬಿಟ್ಟರೆ ಜ್ವರದಿಂದ ಎದ್ದಿತು ಎಂದು ಲೆಕ್ಕ. ಅದು ರೋಗವಲ್ಲ, ಬೆಳವಣಿಗೆ. ಕೆಲವೇ ತಿಂಗಳಲ್ಲಿ ಆ ಮಾತು ನನಗೆ ಎಷ್ಟು ಒಗ್ಗಿತೆಂದರೆ, ಮನೆಯಲ್ಲಿ ಅಮ್ಮ ಯಾರಿಗೋ ಜ್ವರ ಎಂದಾಗ “ಎಷ್ಟನೇದು?” ಎಂದು ಕೇಳಿ ಬೈಸಿಕೊಂಡಿದ್ದೆ.

ಪ್ರೋಗ್ರಾಂ ಹೇಗಿತ್ತೆಂದು ಎರಡು ಮಾತಿನಲ್ಲಿ ಹೇಳುತ್ತೇನೆ, ಹೆದರಬೇಡಿ. ಪರದೆಯ ಮೇಲೆ ಕನ್ನಡದಲ್ಲಿ ಒಂದೊಂದೇ ಪ್ರಶ್ನೆ ಬರುತ್ತಿತ್ತು. ಉತ್ತರ ಹೌದು, ಇಲ್ಲ, ಗೊತ್ತಿಲ್ಲ, ಮೂರರಲ್ಲಿ ಒಂದು. ಪ್ರತಿ ಉತ್ತರಕ್ಕೂ ಹಿಂದೆ ಅಂಕಗಳಿದ್ದವು. ಹುಳು ಸೊಪ್ಪು ತಿನ್ನುತ್ತಿಲ್ಲ ಎಂದರೆ ಹಾಲುರೋಗಕ್ಕೆ ಇಷ್ಟು ಅಂಕ, ಸಪ್ಪೆರೋಗಕ್ಕೆ ಇಷ್ಟು. ಯಾವುದಾದರೂ ಒಂದು ರೋಗದ ಅಂಕ ಸಾಕಷ್ಟಾಯಿತೆಂದರೆ ಪ್ರಶ್ನೆ ಅಲ್ಲಿಗೆ ನಿಂತು ತೀರ್ಪು ಬರುತ್ತಿತ್ತು. ಕೆಳಗಡೆ ‘ಯಾಕೆ?’ ಎಂಬ ಒಂದು ಗುಂಡಿ ಇತ್ತು. ಒತ್ತಿದರೆ ಯಾವ ಉತ್ತರದಿಂದ ಈ ತೀರ್ಮಾನಕ್ಕೆ ಬಂದೆ ಎಂದು ಕಂಪ್ಯೂಟರೇ ಕಾರಣಗಳನ್ನು ಸಾಲಾಗಿ ಹೇಳುತ್ತಿತ್ತು. ಆ ಗುಂಡಿಯ ಬಗ್ಗೆ ನನಗೆ ವಿಪರೀತ ಹೆಮ್ಮೆ. ಮೇಷ್ಟ್ರಿಗೆ ಹೇಳಲು ಆಗದಿದ್ದುದನ್ನು ನನ್ನ ಯಂತ್ರ ಹೇಳುತ್ತಿತ್ತಲ್ಲ!

ಪ್ರಶ್ನೆಗಳನ್ನೆಲ್ಲ ಅಚ್ಚು ಹಾಕಿ ಮೇಷ್ಟ್ರ ಕೈಗೆ ಕೊಟ್ಟೆ. ಕೆಂಪು ಪೆನ್ನು ಹಿಡಿದು ಒಂದೊಂದಾಗಿ ಓದಿದರು. ಕೆಲವನ್ನು ಹೊಡೆದು ಹಾಕಿದರು, ಕೆಲವನ್ನು ತಿದ್ದಿದರು. ‘ಜ್ವರ ಇದೆಯೇ?’ ಎಂಬಲ್ಲಿಗೆ ಬಂದು, “ಇದ್ನ ಸರ್ಯಾಗ್ ಕೇಳಿದ್ದೀಯ. ನಮ್ಮೋರ್ಗೆ ಪೊರೆ ಗಿರೆ ಅಂದ್ರೆ ತಿಳಿಯಕಿಲ್ಲ, ಜ್ವರ ಅಂದ್ರೇ ತಿಳಿಯಾದು” ಎಂದು ದೊಡ್ಡದಾಗಿ ಸರಿ ಗುರುತು ಹಾಕಿದರು. ನಾನೂ ಬೀಗಿದೆ.

ಸಂಘದ ಕೋಣೆಯಲ್ಲಿ, ನರಸೀಪುರದ ಬಸ್ ಸ್ಟ್ಯಾಂಡಿಗೆ ಹತ್ತಿರದಲ್ಲೇ, ಕಂಪ್ಯೂಟರ್ ಇಟ್ಟೆವು. ವಾರಕ್ಕೆ ಮೂರು ದಿನ ನಾನು ನಂಜನಗೂಡಿನಿಂದ ಬಸ್ಸಿನಲ್ಲಿ ಹೋಗಿ ಕೂರುತ್ತಿದ್ದೆ. ಜನ ಮೊದಲು ತಮಾಷೆಗೆ ಬಂದರು, ಆಮೇಲೆ ನಿಜವಾಗಿ ಬಂದರು. ನನಗೆ ಕೊಂಬು ಬಂದದ್ದು ಚಿಕ್ಕಯ್ಯನಛತ್ರದ ಕಡೆಯ ಒಬ್ಬ ರೈತರ ವಿಷಯದಲ್ಲಿ. ಅವರ ಹುಳುಗಳು ಇದ್ದಕ್ಕಿದ್ದಂತೆ ವಾಂತಿ ಮಾಡಿಕೊಂಡು ಸುರುಟಿಕೊಳ್ಳತೊಡಗಿದ್ದವು. ಮೇಷ್ಟ್ರು ಹೋಗಿ ನೋಡಿ ಸಪ್ಪೆರೋಗ ಎಂದು ಬಂದಿದ್ದರು. ಆದರೂ ಒಂದು ಸಲ ಯಂತ್ರಕ್ಕೂ ಕೇಳೋಣ ಎಂದು ಇಬ್ಬರೂ ಕೂತೆವು. ಅದು ಕೇಳುತ್ತ ಕೇಳುತ್ತ, ‘ಸೊಪ್ಪಿನ ತೋಟದ ಪಕ್ಕದ ಹೊಲಕ್ಕೆ ಔಷಧಿ ಹೊಡೆದಿದ್ದಾರೆಯೇ?’ ಎಂದಿತು. ಮೇಷ್ಟ್ರು ಹಣೆ ಚಚ್ಚಿಕೊಂಡರು. ಆ ಪ್ರಶ್ನೆಯನ್ನು ನನಗೆ ಹೇಳಿಕೊಟ್ಟವರು ಅವರೇ. ಆ ದಿನ ಕೇಳಲು ಅವರೇ ಮರೆತಿದ್ದರು. ಪಕ್ಕದವರು ಹತ್ತಿಗೆ ಔಷಧಿ ಹೊಡೆದದ್ದು ನಿಜವಾಗಿತ್ತು. ಬೇರೆ ತೋಟದ ಸೊಪ್ಪು ತಂದು ಹಾಕಿ ಉಳಿದ ಹುಳು ಉಳಿಸಿಕೊಂಡರು.

“ನಾನ್ ಮರೀತೀನಿ, ಇದ್ ಮರಿಯಾಕಿಲ್ಲ” ಎಂದು ಮೇಷ್ಟ್ರು ಕಂಪ್ಯೂಟರಿನ ತಲೆ ತಟ್ಟಿದರು. ಅವರು ತಟ್ಟಿದ್ದು ನನ್ನ ಬೆನ್ನನ್ನೇ ಎಂದು ನಾನು ತಿಳಿದುಕೊಂಡೆ. ಅಂದಿನಿಂದ ನನ್ನ ಮಾತಿನ ಧಾಟಿಯೇ ಬದಲಾಯಿತು.

ಸೋಸಲೆಯ ಆ ಹೆಂಗಸು ಬಂದದ್ದು ಮಾರ್ಗಶಿರದ ಚಳಿಯಲ್ಲಿ, ಬೆಳಿಗ್ಗೆ ಹತ್ತರ ಹೊತ್ತಿಗೆ. ನನಗಿಂತ ಎರಡು ಮೂರು ವರ್ಷ ದೊಡ್ಡವಳಿರಬಹುದು. ಬಸ್ಸಿಳಿದು ಓಡಿ ಬಂದಿದ್ದಳು, ಏದುಸಿರು ಬಿಡುತ್ತಿದ್ದಳು. ಭತ್ತದ ಊರಿನಿಂದ ಮದುವೆಯಾಗಿ ಬಂದವಳು, ಹುಳು ಸಾಕಿದ್ದು ಇದೇ ಮೊದಲು, ಇಪ್ಪತ್ತು ತಟ್ಟೆ. ಮನೆಯ ಹಿಂದಿನ ಕೋಣೆಯಲ್ಲಿ ಮೊದಲು ಅತ್ತೆ ಹುಳು ಸಾಕುತ್ತಿದ್ದರಂತೆ. ಅವರು ಬಿಟ್ಟ ಮೇಲೆ ಅಲ್ಲಿ ಭತ್ತದ ಮೂಟೆ ತುಂಬಿದ್ದರು. ಹಟ ಹಿಡಿದು ಆ ಕೋಣೆ ಖಾಲಿ ಮಾಡಿಸಿಕೊಂಡಿದ್ದಾಳೆ, ಒಂದೇ ಒಂದು ಬೆಳೆ ತೆಗೆದು ತೋರಿಸು ಎಂದು ಮನೆಯವರು ಒಪ್ಪಿದ್ದಾರೆ.

“ಈ ಬೆಳೆ ಕೆಟ್ರೆ ರೂಮ್ ಬುಟ್ಬುಡ್ಬೇಕು ಮೇಡಂ. ನಮ್ಮತ್ತೆ ಮೊದ್ಲೇ ಯೋಳವ್ರೆ, ನಿನ್ ಕೈಗುಣ ಉಳಕ್ಕಾಗಾಕಿಲ್ಲ ಅಂತ. ಅವ್ರ್ನ ಕೇಳಾಕೂ ನಂಗೆ ಮೊಖ ಇಲ್ಲ.”

ಕೈಗುಣ ಎನ್ನುವುದು ಸಣ್ಣ ಮಾತಲ್ಲ. ಒಬ್ಬಳ ಕೈಗುಣ ಸರಿಯಿಲ್ಲ ಎಂದು ಒಮ್ಮೆ ಹೆಸರು ಬಂದರೆ ಹುಳುವಿನ ಮನೆಯೊಳಗೆ ಅವಳನ್ನು ಯಾರೂ ಬಿಟ್ಟುಕೊಳ್ಳುವುದಿಲ್ಲ. ಹಾಗಾಗಿ ಅವಳು ಗಾಬರಿಯಾಗಿದ್ದರಲ್ಲಿ ಆಶ್ಚರ್ಯವಿಲ್ಲ. ನಾನು ಧೈರ್ಯ ಹೇಳಿ ಪ್ರಶ್ನೆ ಕೇಳತೊಡಗಿದೆ. ಹುಳು ಸೊಪ್ಪು ತಿನ್ನುತ್ತಿದೆಯೇ? ಇಲ್ಲ, ಮೊನ್ನೆಯಿಂದ ಮುಟ್ಟಿಲ್ಲ. ಮೈ ಬಿಗಿದು ಹೊಳೆಯುತ್ತಿದೆಯೇ? ಹೌದು. ಜ್ವರ ಇದೆಯೇ?

“ಹ್ಞೂಂ. ನಾಕ್ನೇದು” ಎಂದಳು.

ಹೌದು ಒತ್ತಿದೆ. ನಾಲ್ಕನೆಯದು ಎಂದು ಬರೆಯಲು ಅಲ್ಲಿ ಜಾಗವಿರಲಿಲ್ಲ. ಪ್ರಶ್ನೆ ನಿಂತು ತೀರ್ಪು ಬಂತು: ಹಾಲುರೋಗ. ಹುಳುಗಳನ್ನು ತಟ್ಟೆ ಸಮೇತ ಹೊರಗೆ ಸಾಗಿಸಿ, ಗುಂಡಿಯಲ್ಲಿ ಹಾಕಿ, ಬ್ಲೀಚಿಂಗ್ ಪುಡಿ ಸುರಿದು ಹೂಳಬೇಕು.

ಓದಿ ಹೇಳಿದೆ. “ಒಂದ್ಸಲ ಮೇಷ್ಟ್ರು ಬಂದ್ ನೋಡ್ಬುಡ್ಲಿ ಮೇಡಂ” ಎಂದಳು. ಮೇಷ್ಟ್ರು ನೆಂಟರ ಮನೆಯ ಮದುವೆಗೆ ಹೋಗಿದ್ದರು, ಮಧ್ಯಾಹ್ನದ ಮೇಲೆ ಬರುವವರಿದ್ದರು. ಅಷ್ಟು ಹೊತ್ತು ಕಾಯಬಹುದಿತ್ತು. ಆದರೆ ಅವಳ ಮಾತು ನನಗೆ ಚುಚ್ಚಿತು. ನನ್ನ ಯಂತ್ರ ಹೇಳಿದ ಮೇಲೂ ಮೇಷ್ಟ್ರು ಬೇಕೇ?

“ಮೇಷ್ಟ್ರ ತಲೇಲಿರೋದೇ ಇದರೊಳಗಿರೋದು. ತಡ ಮಾಡಿದ್ರೆ ಅಕ್ಕಪಕ್ಕದ ಮನೆಗೂ ಹತ್ತುತ್ತೆ. ಹೋಗಿ ಮೊದಲು ಹೂತುಬಿಡಿ” ಎಂದೆ. ದನಿ ಏರಿಸಿಯೇ ಅಂದೆ. ಅವಳು ಎದ್ದು ಹೋದಳು.

ಮಧ್ಯಾಹ್ನ ಊಟದ ಹೊತ್ತು ಕಳೆದ ಮೇಲೆ ಮೇಷ್ಟ್ರು ಬಾಯಿ ತುಂಬ ಎಲೆ ಅಡಿಕೆ ಹಾಕಿಕೊಂಡು ಬಂದರು. ಬೆಳಗಿನ ತೀರ್ಪನ್ನು ಅವರಿಗೆ ಒಪ್ಪಿಸಿ, ಹೆಮ್ಮೆಯಿಂದ ‘ಯಾಕೆ?’ ಗುಂಡಿ ಒತ್ತಿದೆ. ಸೊಪ್ಪು ತಿನ್ನದಿರುವುದರಿಂದ. ಮೈ ಬಿಗಿದು ಹೊಳೆಯುತ್ತಿರುವುದರಿಂದ. ಜ್ವರ ಇರುವುದರಿಂದ.

ಮೇಷ್ಟ್ರು ಹೊರಗೆ ಹೋಗಿ ಎಲೆ ಅಡಿಕೆ ಉಗಿದು ಬಂದರು. “ಇನ್ನೊಂದ್ಸಲ ಓದು” ಎಂದರು. ಓದಿದೆ.

“ಜ್ವರ ಇರೋದ್ರಿಂದ ರೋಗವಾ? ಜ್ವರಕ್ ಕೂರ್ದೆ ಅಲೀತಿದ್ರೆ ತಾನೆ ಕಣವ್ವ ಹಾಲುರೋಗ! ಜ್ವರಕ್ ಕೂತಿದ್ರೆ ಉಳ ನೆಟ್ಗದೆ ಅಂತ!”

ಆಗ ನೆನಪಾಯಿತು. ಆ ಪ್ರಶ್ನೆ ಮೇಷ್ಟ್ರು ಹೇಳಿಕೊಟ್ಟದ್ದಲ್ಲ. ಕಂಪ್ಯೂಟರ್ ಕಲಿಯುವಾಗ ಅಭ್ಯಾಸಕ್ಕೆಂದು ಮನುಷ್ಯರ ಕಾಯಿಲೆ ಹೇಳುವ ಒಂದು ಪುಟ್ಟ ಪ್ರೋಗ್ರಾಂ ಬರೆದಿದ್ದೆ. ಜ್ವರ ಇದೆಯೇ, ಕೆಮ್ಮು ಇದೆಯೇ ಎಂದು ಕೇಳುವಂಥದ್ದು. ಹೊಸದಾಗಿ ಬರೆಯುವ ಸೋಮಾರಿತನಕ್ಕೆ ಅದರ ಮೇಲೆಯೇ ಹುಳುವಿನ ಪ್ರೋಗ್ರಾಂ ಕಟ್ಟಿದ್ದೆ. ಹುಳುವಿಗೆ ಕೆಮ್ಮು ಎಲ್ಲಿಂದ ಬರಬೇಕು ಎಂದು ನಗುತ್ತ ಕೆಮ್ಮನ್ನು ಅಳಿಸಿದ್ದೆ. ಜ್ವರ ಉಳಿದುಕೊಂಡಿತ್ತು. ಆಮೇಲೆ ಎಷ್ಟು ಸಲ ಅದರ ಮೇಲೆ ಕಣ್ಣಾಡಿಸಿದರೂ, ಅಷ್ಟರಲ್ಲಿ ಆ ಮಾತು ನನಗೆ ಒಗ್ಗಿಹೋಗಿದ್ದರಿಂದ, ಸಾಕುವವರ ಜ್ವರವನ್ನೇ ಕೇಳುತ್ತಿದೆ ಎಂದುಕೊಂಡು ದಾಟಿಹೋಗಿದ್ದೆ. ಮೇಷ್ಟ್ರೂ ಹಾಗೆಯೇ ಓದಿ ಸರಿ ಹಾಕಿದ್ದರು. ಕೇಳಿದ್ದು ಸರಿಯಾಗಿಯೇ ಇತ್ತು. ಅದರ ಹಿಂದಿದ್ದ ಅಂಕ ಮಾತ್ರ ಮನುಷ್ಯರ ಜ್ವರದ್ದು. ಜ್ವರಕ್ಕೆ ಕೂತ ಹುಳುವನ್ನು ರೋಗವೆಂದು ಇಷ್ಟು ದಿನ ಯಾರೂ ತಂದಿರಲಿಲ್ಲ, ಯಾಕೆಂದರೆ ಸಾಕುವವರಿಗೆಲ್ಲ ಅದು ಗೊತ್ತಿರುವ ವಿಷಯ. ಇವಳು ಹೊಸಬಳು, ಚಳಿಗೆ ಹುಳುಗಳು ಏಳುವುದು ತಡವಾಗಿತ್ತು, ಹೆದರಿ ಓಡಿ ಬಂದಿದ್ದಳು.

“ಎಷ್ಟೊತ್ತಾಯ್ತು ಅವ್ಳ್ ಓಗಿ?” ಎಂದರು ಮೇಷ್ಟ್ರು.

ಲೆಕ್ಕ ಹೇಳುವ ಮೊದಲೇ ಮೊಪೆಡ್ ಹತ್ತಿದ್ದೆವು. ಸೋಸಲೆ ದೂರವೇನಲ್ಲ. ಆದರೆ ಆ ದಿನ ದಾರಿ ಮುಗಿಯಲಿಲ್ಲ. ಎದುರಿಗೆ ಕಬ್ಬಿನ ಗಾಡಿಗಳು ಸಾಲಾಗಿ ಬರುತ್ತಿದ್ದವು. ಅವಳು ಸೋಮಾರಿಯಾಗಿರಲಿ ದೇವರೇ, ನನ್ನ ಮಾತನ್ನು ಕಿವಿಗೆ ಹಾಕಿಕೊಳ್ಳದೆ ಇರಲಿ ಎಂದು ಬೇಡಿಕೊಂಡೆ. ನನ್ನ ಮಾತನ್ನು ಯಾರೂ ಕೇಳದಿರಲಿ ಎಂದು ನಾನು ಬೇಡಿದ್ದು ಅದೊಂದೇ ಸಲ.

ಅವಳು ಸೋಮಾರಿಯಾಗಿರಲಿಲ್ಲ. ಮನೆಯ ಹಿತ್ತಲಿನ ತಿಪ್ಪೆಗುಂಡಿಯ ಪಕ್ಕದಲ್ಲಿ ಬರಿದಾದ ಬಿದಿರು ತಟ್ಟೆಗಳು ಬಿದ್ದಿದ್ದವು. ಎಣಿಸಿದೆ, ಎಂಟು. ಅವಳು ಗುಂಡಿಯ ಅಂಚಿನಲ್ಲಿ ಕುಕ್ಕರುಗಾಲಿನಲ್ಲಿ ಕೂತಿದ್ದಳು. ನಮ್ಮನ್ನು ನೋಡಿ ಏಳಲಿಲ್ಲ.

“ಒಂಬತ್ನೇ ತಟ್ಟೆ ಎತ್ತುದ್ರೆ ಎಳ್ಡ್ ಉಳ ಎದ್ದಿದ್ದೊ ಸಾ. ಪೊರೆ ಹಿಂದ್ಕೆ ಬಿದ್ದಿತ್ತು. ರೋಗದ್ ಉಳ ಎಂಗ್ ಎದ್ದದು ಅನ್ಕಂಡು ಮಡಗ್ಬುಟ್ಟೆ” ಎಂದು ಮೇಷ್ಟ್ರಿಗೆ ಹೇಳಿದಳು. ನನ್ನ ಕಡೆ ನೋಡಲಿಲ್ಲ.

ನಾನು ಗುಂಡಿಯೊಳಗೆ ನೋಡಿದೆ. ಬಿಳಿ ಪುಡಿ ಸುರಿದಿತ್ತು, ಮಣ್ಣು ಇನ್ನೂ ಮುಚ್ಚಿರಲಿಲ್ಲ. ಮೇಲೆ ಬಿದ್ದಿದ್ದ ಹುಳುಗಳಲ್ಲಿ ಕೆಲವು ಅಲ್ಲೇ ಜ್ವರದಿಂದ ಎದ್ದಿದ್ದವು. ಪುಡಿಯ ನಡುವಿನಿಂದ ತಲೆ ಎತ್ತಿ ಆ ಕಡೆ ಈ ಕಡೆ ಆಡಿಸುತ್ತ ಸೊಪ್ಪು ಹುಡುಕುತ್ತಿದ್ದವು. ನಾನು ಬಗ್ಗಿ ಕೈ ಹಾಕಲು ಹೋದೆ. ಮೇಷ್ಟ್ರು ತೋಳು ಹಿಡಿದರು.

“ಮುಟ್ಬೇಡ ಕಣವ್ವ. ತಿಪ್ಪೆಗ್ ಬಿದ್ದೋವ್ನ ಒಳಕ್ ತರಂಗಿಲ್ಲ. ಉಳ್ದಿರೋವ್ಕೂ ರೋಗ ಹತ್ಬುಡ್ತದೆ.”

ನನಗೆ ಅಳು ಬಂತು. ಬಂತು ಎಂದು ಹೇಳಲು ನಾಚಿಕೆಯಿಲ್ಲ.

ಅಷ್ಟರಲ್ಲಿ ಅತ್ತೆ ಹಿತ್ತಲಿಗೆ ಬಂದರು. ಗಟ್ಟಿ ಹೆಂಗಸು, ಗಟ್ಟಿ ದನಿ. “ನಾ ಯೋಳ್ನಿಲ್ವಾ? ಇವಳ್ ಕೈಗುಣ ಉಳಕ್ಕಾಗಾಕಿಲ್ಲ ಅಂತ ಬಡ್ಕೊಂಡೆ. ನೋಡಿ ಮೇಷ್ಟ್ರೇ, ಅರ್ದ ಮನೆ ಗುಂಡಿಗಾಕ್ಬುಟ್ಲು. ನಾಳೀಕೇ ಮೂಟೆ ತುಂಬುಸ್ಬುಡ್ತೀನಿ.” ಬೇಲಿಯಾಚೆ ಪಕ್ಕದ ಮನೆಯ ಇಬ್ಬರು ಹೆಂಗಸರು ನಿಂತು ಕೇಳುತ್ತಿದ್ದರು.

“ಚಳಿ ಜಾಸ್ತಿಯಾಯ್ತು ಕಣವ್ವ, ಇಂಥಾ ಚಳೀಲಿ ಯಾರ್ಗೇ ಆಗ್ಲಿ...” ಎಂದು ಮೇಷ್ಟ್ರು ಶುರು ಮಾಡಿದರು. ಅವರು ನನ್ನನ್ನು ಉಳಿಸುತ್ತಿದ್ದರು. ಒಂದು ಕ್ಷಣ, ಉಳಿಸಲಿ ಎಂದು ನನಗೂ ಅನಿಸಿತು. ಹೊಸ ಸೆಂಟರು, ಈ ಸುದ್ದಿ ಹಬ್ಬಿದರೆ ನಾಳೆಯಿಂದ ಯಾರೂ ಬರುವುದಿಲ್ಲ. ಅವಳು ಮಾತ್ರ ತನ್ನ ಅಂಗೈಗಳನ್ನೇ ನೋಡಿಕೊಳ್ಳುತ್ತಿದ್ದಳು, ತಪ್ಪು ಅಲ್ಲೇ ಇದೆಯೇನೋ ಎನ್ನುವಂತೆ. ಅದನ್ನು ನೋಡಿ ನನಗೆ ಬಂದ ಕೋಪ ನನ್ನ ಮೇಲೆಯೇ.

“ಸುಮ್ಮನಿರಿ ಮೇಷ್ಟ್ರೇ” ಎಂದೆ. ಅತ್ತೆಯ ಕಡೆ ತಿರುಗಿ, ಬೇಲಿಯಾಚೆಯವರಿಗೂ ಕೇಳುವಂತೆ ಹೇಳಿದೆ. “ತಪ್ಪು ನಂದು ಕಣಮ್ಮ. ನಾನೇ ಕಂಪ್ಯೂಟರಿಗೆ ತಪ್ಪು ಬರೆದಿದ್ದೆ. ಹೂಳು ಅಂತ ಗದರಿಸಿ ಕಳಿಸಿದ್ದೂ ನಾನೇ. ಇವರು ಮೇಷ್ಟ್ರು ನೋಡಲಿ ಅಂದ್ರು, ನಾನು ಬಿಡಲಿಲ್ಲ. ಇವರ ಕೈಯಲ್ಲಿ ಏನೂ ತಪ್ಪಿಲ್ಲ. ಆ ಕೈ ಒಂಬತ್ತನೇ ತಟ್ಟೆಗೆ ನಿಂತಿದ್ದಕ್ಕೇ ಒಳಗೆ ಇನ್ನೂ ಹನ್ನೆರಡು ಉಳಿದಿವೆ.”

“ಓದ್ದೋಳು ನೀನೇ ತಪ್ಪ್ ಮಾಡ್ದೆ ಅಂತೀಯಾ?”

“ನಾನೇ.”

ಅವರು ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು. ಬೈಗುಳಕ್ಕೆ ತಯಾರಾಗಿ ನಿಂತೆ. ಅವರು ಬೈಯಲಿಲ್ಲ. ನೇರ ಕೋಣೆಯೊಳಗೆ ಹೋಗಿ, ತಟ್ಟೆಗಳನ್ನು ಒಂದೊಂದಾಗಿ ಎಳೆದು ನೋಡಿ ಹೊರಗೆ ಬಂದರು. ಸೊಸೆಯ ಕಡೆ ಕೈ ಬೀಸಿ, “ಎದ್ದವೆ ಕಣೇ ಎಲ್ಲವೂ. ಕೂತ್ಕಂಡ್ ಏನ್ ನೋಡೀಯೆ, ಓಗು, ಸೊಪ್ಪ್ ಕುಯ್ಕ ಬಾ” ಎಂದರು. ಅವಳು ಎದ್ದು ಕುಡುಗೋಲು ತೆಗೆದುಕೊಂಡು ತೋಟಕ್ಕೆ ಓಡಿದಳು. ಮೂಟೆಯ ಮಾತು ಆಮೇಲೆ ಆ ಮನೆಯಲ್ಲಿ ಬರಲಿಲ್ಲವೆಂದು ಕೇಳಿದೆ.

ವಾಪಸು ಬಂದೆವು. ಸಂಘದ ಬಾಗಿಲ ಹತ್ತಿರ ಮೊಪೆಡ್ ನಿಲ್ಲಿಸಿ ಮೇಷ್ಟ್ರು, “ಒಂದ್ ವಿಸ್ಯ ಯೋಳ್ಲಾ? ಇದೇ ತಪ್ಪ್ ನಾನ್ ಮಾಡಿದ್ರೆ ಯಾಕ್ ಮಾಡ್ದೆ ಅಂತ ಯಾರ್ಗೂ ಗೊತ್ತಾಯ್ತಿರ್ನಿಲ್ಲ. ನಂಗೂ ಗೊತ್ತಾಯ್ತಿರ್ನಿಲ್ಲ. ಇದ್ ಬಾಯ್ಬುಟ್ ಯೋಳ್ತು ನೋಡು” ಎಂದರು. ಸಮಾಧಾನಕ್ಕೆ ಹೇಳಿದರೋ ನಿಜವಾಗಿ ಹೇಳಿದರೋ ತಿಳಿಯದು. ನಿಜವಂತೂ ಹೌದು.

ಕಂಪ್ಯೂಟರಿಗೆ ಬಟ್ಟೆ ಮುಚ್ಚಿ, ಬಾಗಿಲಿಗೆ ರಿಪೇರಿ ಎಂದು ಚೀಟಿ ಅಂಟಿಸಿ, ಒಂದು ವಾರ ಕೂತೆವು. ಈ ಸಲ ಮೇಷ್ಟ್ರು ಪ್ರಶ್ನೆಗಳನ್ನಷ್ಟೇ ಓದಿ ಸರಿ ಹಾಕಲು ಒಪ್ಪಲಿಲ್ಲ. “ಇದ್ಕೆ ಹೌದು ಅಂದ್ರೆ ಒಳ್ಗೆ ಏನ್ ಮಾಡ್ತದೆ, ಇಲ್ಲ ಅಂದ್ರೆ ಏನ್ ಮಾಡ್ತದೆ, ಅದ್ನೂ ಓದು” ಎಂದು ಪ್ರತಿಯೊಂದಕ್ಕೂ ಹಟ ಹಿಡಿದರು. ಓದಿದೆ. ಇನ್ನೂ ಎರಡು ಸಣ್ಣ ತಪ್ಪುಗಳು ಸಿಕ್ಕವು. ಜನ ಬೇಸರಪಡುತ್ತಾರೆಂದು ನಾನು ಪ್ರಶ್ನೆಗಳನ್ನು ಬೇಗ ನಿಲ್ಲಿಸುತ್ತಿದ್ದೆನಲ್ಲ, ಆ ಜಾಣತನವನ್ನೂ ಕಿತ್ತು ಹಾಕಿದೆ. ಹಾಲುರೋಗ ಬಂದ ಹುಳುವಿನ ಕಾಲು ಚಿವುಟಿದರೆ ಹಾಲಿನಂಥ ನೀರು ಬರುತ್ತದೆ. ಅದನ್ನು ನೋಡದೆ ಹೂಳು ಎಂದು ಯಂತ್ರ ಹೇಳಬಾರದು ಎಂದು ಕಟ್ಟುಮಾಡಿದೆ. ಆಮೇಲೆ ಬಾಗಿಲು ತೆರೆದೆವು. ನಾನು ಹೆದರಿದಂತೆ ಜನ ಬರುವುದನ್ನು ನಿಲ್ಲಿಸಲಿಲ್ಲ. ತಪ್ಪು ಒಪ್ಪಿಕೊಂಡ ಸುದ್ದಿಯೂ ತಪ್ಪಿನ ಜೊತೆಯಲ್ಲೇ ಊರೂರಿಗೆ ಹೋಗಿತ್ತು ಎಂದು ಕಾಣುತ್ತದೆ.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಆ ಹೆಂಗಸು ಬಂದಳು. ಉಳಿದ ಹನ್ನೆರಡು ತಟ್ಟೆಯ ಹುಳು ಚೆನ್ನಾಗಿ ಗೂಡು ಕಟ್ಟಿತ್ತು, ಎರಡನೇ ಬೆಳೆಗೆ ಮೊಟ್ಟೆ ಕೊಳ್ಳಲು ಪೇಟೆಗೆ ಬಂದಿದ್ದಳು. ಗೂಡಿನ ಮಾತು ಮುಗಿದ ಮೇಲೂ ಏಳಲಿಲ್ಲ. ಕಂಪ್ಯೂಟರಿನ ಕಡೆ ತಿರುಗಿದಳು.

“ನನ್ ಎಂಟ್ ತಟ್ಟೆ ಇದ್ರೊಳ್ಗೆ ಎಲ್ಲಿ ಅವೆ?” ಎಂದಳು.

ನನಗೆ ಮೊದಲು ಅರ್ಥವಾಗಲಿಲ್ಲ. ತನ್ನ ಎಂಟು ತಟ್ಟೆಯಿಂದ ಯಂತ್ರ ಏನು ಕಲಿತಿತು ಎಂದು ಕೇಳುತ್ತಿದ್ದಾಳೆ ಎಂದು ಅರ್ಥವಾದ ಮೇಲೆ ಪ್ರೋಗ್ರಾಂ ಬಿಚ್ಚಿ, ಹೊಸದಾಗಿ ಬರೆದಿದ್ದ ಸಾಲನ್ನು ಪರದೆಯ ಮೇಲೆ ತಂದು ತೋರಿಸಿದೆ. ಅವಳು ಗಾಜಿನ ಮೇಲೆ ಬೆರಳಿಟ್ಟು ಅಕ್ಷರ ಕೂಡಿಸಿ ಓದಿದಳು. ‘ಹುಳು ಜ್ವರಕ್ಕೆ ಕೂತಿದ್ದರೆ ಕಾಯಲು ಹೇಳು. ಕಾಲು ಚಿವುಟಿ ಹಾಲು ಕಂಡರೆ ಮಾತ್ರ ಹೂಳಲು ಹೇಳು.’

“ಇಷ್ಟೇಯಾ?”

“ಇಷ್ಟೇ ಅಕ್ಕ” ಎಂದೆ. “ಆದ್ರೆ ಈ ಸಾಲು ದಾಟದೆ ಇನ್ಮೇಲೆ ಅದು ಯಾರಿಗೂ ಹೂಳು ಅನ್ನೋಕಾಗಲ್ಲ.”

“ನನ್ನಂಗೇ ಇನ್ನೊಬ್ಳು ಬಂದ್ರೆ, ಅವ್ಳ್ಗೂ ಕಾಯಿ ಅಂತ್ಲೇ ಯೋಳ್ತದಾ?”

“ಹಾಗೇ ಹೇಳುತ್ತೆ.”

“ನೀನಿಲ್ದಿದ್ರೂವೆ?”

“ನಾನಿಲ್ಲದಿದ್ರೂ. ಮೇಷ್ಟ್ರಿಲ್ಲದಿದ್ರೂ.”

ಆ ಎರಡು ವಾಕ್ಯವನ್ನು ಅವಳು ಇನ್ನೊಂದು ಸಲ ಮೊದಲಿನಿಂದ ಓದಿದಳು. ಆಮೇಲೆ ಬೆರಳು ತೆಗೆದು, ಬುಟ್ಟಿ ಎತ್ತಿ ಸೊಂಟಕ್ಕಿಟ್ಟುಕೊಂಡಳು.

“ಹಂಗಾರೆ ಇರ್ಲಿ ಬುಡು” ಎಂದಳು.